ಸಾರ್ಮ್ಸ್ ಅಂದ್ರೆ ಸ್ಟಿರಾಯ್ಡ್‌ನ ತಮ್ಮನಾ, ಇಲ್ಲಾ ಬೇರೆ ವಂಶದ್ದಾ?

ಮೂರನೇ_ಸೆಟ್
ಒಂದು ಮಾತು ಎಲ್ಲಾ ಕಡೆ ಕೇಳಿ ಕೇಳಿ ಸಾಕಾಗಿದೆ: ಮೈ ಬೆಳೆಸೋ ಸ್ಟಿರಾಯ್ಡ್ (ಟೆಸ್ಟೊಸ್ಟಿರೋನ್ ಮತ್ತು ಅದರ ನೆಂಟರು) ಇಡೀ ಮೈಗೆ ಹೋಗುತ್ತೆ, ಸಾರ್ಮ್ಸ್ (ಸೆಲೆಕ್ಟಿವ್ ಆ್ಯಂಡ್ರೊಜೆನ್ ರಿಸೆಪ್ಟರ್ ಮಾಡ್ಯುಲೇಟರ್, ಅದೇ ಆಸೆಗೆ ನುಂಗೋ ಮಾತ್ರೆ) ಮಾಂಸಖಂಡಕ್ಕೆ ಮಾತ್ರ ಹೋಗುತ್ತೆ ಅಂತ. ಆದ್ರೆ ಎರಡೂ ಕೂರೋದು ಒಂದೇ ಆ್ಯಂಡ್ರೊಜೆನ್ ರಿಸೆಪ್ಟರ್ (ಗಂಡು ಹಾರ್ಮೋನು ಬಂದು ಕೂರೋ ಜಾಗ) ಮೇಲೆ ತಾನೆ? ಅದು ಪ್ರಾಸ್ಟೇಟಲ್ಲೂ ಇದೆ, ಚರ್ಮದಲ್ಲೂ ಇದೆ, ಮೆದುಳಲ್ಲೂ ಇದೆ. ಹಾಗಿದ್ಮೇಲೆ ಮಾತ್ರೆಗೆ "ಇದು ತೊಡೆ, ಇದು ಪ್ರಾಸ್ಟೇಟ್" ಅಂತ ಯಾರು ಹೇಳಿಕೊಡ್ತಾರೆ?

ಎರಡನೇದು, ಎಷ್ಟು ಕಿಲೋ ವ್ಯತ್ಯಾಸ? ಮೂರನೇದು, ರಕ್ತಪರೀಕ್ಷೆಯ ರಿಪೋರ್ಟ್ ಮುಂದೆ ಇಟ್ರೆ ಯಾವುದು ಯಾವುದರ ಕೆಲಸ ಅಂತ ಗೊತ್ತಾಗುತ್ತಾ? ಡೋಸ್ ಕೇಳ್ತಿಲ್ಲ. ಒಳಗೆ ಏನಾಗುತ್ತೆ ಅಷ್ಟೇ ಬೇಕು.

ಸುಮ್ನೆ_ಓದುಗ
ಚಾಪೆ ಹಾಸ್ಕೊಂಡು ಕೂತೆ. ಶುರು ಮಾಡಿ.

ಗ್ರಂಥಿಪುರಾಣ
ಮಾತ್ರೆಗೆ ಏನೂ ಗೊತ್ತಿರುವುದಿಲ್ಲ. ಒಳಗೆ ಬಂದದ್ದನ್ನು ಆಯಾ ಅಂಗ ಏನು ಮಾಡುತ್ತದೆ ಅನ್ನುವುದರಲ್ಲಿ ವ್ಯತ್ಯಾಸ ಹುಟ್ಟುತ್ತದೆ.

ಟೆಸ್ಟೊಸ್ಟಿರೋನನ್ನೇ ನೋಡಿ. ಪ್ರಾಸ್ಟೇಟ್, ನೆತ್ತಿಯ ಚರ್ಮ ಇಂಥ ಕಡೆ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಧಾರಾಳವಾಗಿದೆ. ಅದು ಟೆಸ್ಟೊಸ್ಟಿರೋನನ್ನು ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನು ಮಾಡುತ್ತದೆ. ಡಿಎಚ್‌ಟಿ ಅದೇ ರಿಸೆಪ್ಟರಿಗೆ ಇನ್ನೂ ಬಿಗಿಯಾಗಿ ಅಂಟುತ್ತದೆ, ಬಿಡುವುದೂ ನಿಧಾನ. ಹಾಗಾಗಿ ಪ್ರಾಸ್ಟೇಟಿನಲ್ಲಿ ಸದ್ದು ಜೋರು. ಮಾಂಸಖಂಡದಲ್ಲಿ ಈ ಕಿಣ್ವ ಬಹಳ ಕಡಿಮೆ, ಅಲ್ಲಿ ಟೆಸ್ಟೊಸ್ಟಿರೋನ್ ಇದ್ದ ಹಾಗೇ ಕೆಲಸ ಮಾಡುತ್ತದೆ. ಇನ್ನು ಕೊಬ್ಬು, ಮೂಳೆ, ಮೆದುಳಿನಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಅದನ್ನು ಎಸ್ಟ್ರಾಡಯಾಲ್ (ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು) ಮಾಡಿಬಿಡುತ್ತದೆ. ಚುಚ್ಚಿದ್ದು ಒಂದು, ಒಳಗೆ ಕೆಲಸ ಮಾಡುವುದು ಮೂರು ಹಾರ್ಮೋನು.

ಸಾರ್ಮ್ ಅಣುವಿಗೆ ಸ್ಟಿರಾಯ್ಡಿನ ನಾಲ್ಕು ಉಂಗುರದ ಚೌಕಟ್ಟೇ ಇಲ್ಲ. ಈ ಎರಡೂ ಕಿಣ್ವಗಳ ಕೈಗೆ ಅದು ಸಿಗುವುದಿಲ್ಲ. ಪ್ರಾಸ್ಟೇಟಿನಲ್ಲಿ ಸದ್ದು ಏರುವುದಿಲ್ಲ, ಎಸ್ಟ್ರಾಡಯಾಲೂ ಹುಟ್ಟುವುದಿಲ್ಲ. ಎರಡನೆಯ ಕಾರಣ ಸೂಕ್ಷ್ಮದ್ದು. ರಿಸೆಪ್ಟರ್ ಒಂದು ಪ್ರೊಟೀನು. ಅದರೊಳಗೆ ಏನು ಕೂತಿದೆ ಎನ್ನುವುದರ ಮೇಲೆ ಅದರ ಮಡಿಕೆ ಬದಲಾಗುತ್ತದೆ. ಅದು ಜೀವಕೋಶದ ಬೀಜಕೇಂದ್ರಕ್ಕೆ ಹೋಗಿ ಡಿಎನ್‌ಎ ಮೇಲೆ ಕೂತಾಗ ಸಹಾಯಕ್ಕೆ ಬೇರೆ ಪ್ರೊಟೀನುಗಳು ಬೇಕು, ಅವು ಅಂಗದಿಂದ ಅಂಗಕ್ಕೆ ಬೇರೆ. ಸಾರ್ಮ್ ಕೂತ ಮಡಿಕೆಗೆ ಮಾಂಸಖಂಡದ ಸಹಾಯಕರು ಸರಿಯಾಗಿ ಒಗ್ಗುತ್ತಾರೆ, ಪ್ರಾಸ್ಟೇಟಿನವರು ಅರೆಬರೆ.

ಆದರೆ ಅರೆಬರೆ ಅಂದರೆ ಸೊನ್ನೆ ಅಲ್ಲ.

ಡಂಬೆಲ್_ಭೀಮ
ಅದನ್ನೇ ತಾನೆ ಗುರು ನಾವು ಹೇಳೋದು! ಡಿಎಚ್‌ಟಿ ಇಲ್ಲ, ಈಸ್ಟ್ರೊಜೆನ್ ಇಲ್ಲ, ಸೂಜಿ ಇಲ್ಲ. ಗೈನೊ (ಗಂಡಸಿಗೆ ಎದೆ ಊದೋದು) ಬರಲ್ಲ. ಮತ್ತೆ ಸ್ಟಿರಾಯ್ಡ್ ಜೊತೆ ಒಂದೇ ತಕ್ಕಡೀಲಿ ಯಾಕೆ ತೂಗ್ತೀರ?

ಲ್ಯಾಬ್‌ಕೋಟು
ತಕ್ಕಡಿ ಎಲ್ಲಿಂದ ಬಂತು ನೋಡೋಣ. "ಅನಬಾಲಿಕ್ ಇಷ್ಟು, ಆ್ಯಂಡ್ರೊಜೆನಿಕ್ ಇಷ್ಟು" ಅನ್ನೋ ಅನುಪಾತಗಳೆಲ್ಲ ಇಲಿಯಿಂದ ಬಂದದ್ದು. ಹರ್ಷ್‌ಬರ್ಗರ್ ಪರೀಕ್ಷೆ, 1953. ವೃಷಣ ತೆಗೆದ ಗಂಡು ಇಲಿಗೆ ಔಷಧಿ ಕೊಡ್ತಾರೆ. ಆಮೇಲೆ ಲಿವೇಟರ್ ಏನೈ ಅನ್ನೋ ಸ್ನಾಯು ಎಷ್ಟು ತೂಗುತ್ತೆ, ಪ್ರಾಸ್ಟೇಟ್ ಎಷ್ಟು ತೂಗುತ್ತೆ ಅಂತ ನೋಡ್ತಾರೆ. ಮೊದಲನೆಯದು ಅನಬಾಲಿಕ್ (ಸ್ನಾಯು ಬೆಳೆಸೋ) ಅಂಕ, ಎರಡನೆಯದು ಆ್ಯಂಡ್ರೊಜೆನಿಕ್ (ಗಂಡು ಲಕ್ಷಣದ) ಅಂಕ. ಟೆಸ್ಟೊಸ್ಟಿರೋನ್ 100:100. ನ್ಯಾಂಡ್ರೊಲೋನ್ ಅನ್ನೋ ಸ್ಟಿರಾಯ್ಡ್ 125:37 ಅಂತ ಎಲ್ಲಾ ಪಟ್ಟಿಯಲ್ಲೂ ಇರುತ್ತೆ, ಆಕ್ಸಾಂಡ್ರೊಲೋನ್ 322 ರಿಂದ 630ಕ್ಕೆ 24.

ಲಿವೇಟರ್ ಏನೈ ಇರೋದು ಇಲಿಯ ಗುದದ ಹತ್ತಿರ. ಅದು ಲೈಂಗಿಕ ಕ್ರಿಯೆಗೆ ಸೇರಿದ ಸ್ನಾಯು, ಆ್ಯಂಡ್ರೊಜೆನ್ ರಿಸೆಪ್ಟರ್ ಅದರಲ್ಲಿ ತುಂಬಿ ತುಳುಕುತ್ತೆ. ತೊಡೆಯ ಸ್ನಾಯು ಹಾಗಲ್ಲ. ಆ ಅನುಪಾತ ಹಿಡ್ಕೊಂಡು ಮನುಷ್ಯನ ಎದೆ, ತೋಳಿನ ಲೆಕ್ಕ ಹಾಕೋದು ತಮಾಷೆ. ಆಕ್ಸಾಂಡ್ರೊಲೋನ್ ಮನುಷ್ಯರಲ್ಲಿ ಟೆಸ್ಟೊಸ್ಟಿರೋನಿನ ಮೂರರಿಂದ ಆರು ಪಟ್ಟು ಸ್ನಾಯು ಬೆಳೆಸಲ್ಲ, ಅದು ಎಲ್ಲರಿಗೂ ಗೊತ್ತು. ಸಾರ್ಮ್ಸ್‌ನ "ಸೆಲೆಕ್ಟಿವ್" ಬಿರುದೂ ಹೆಚ್ಚುಕಮ್ಮಿ ಇದೇ ಇಲಿಯಿಂದಲೇ ಬಂದದ್ದು.

ಸುಮ್ನೆ_ಓದುಗ
ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರಲ್ಲ, ಇವರು ಇಲಿ ಹಿಡಿದು ಬೆಟ್ಟ ಕಟ್ಟಿದ್ದಾರೆ.

ಹೊಸಬ_77
ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ಉಬ್ಬಸಕ್ಕೆ ಡಾಕ್ಟರ್ ಕೊಡೋ ಸ್ಟಿರಾಯ್ಡ್ ತಗೊಂಡ್ರೂ ಸ್ನಾಯು ಬೆಳೆಯುತ್ತಾ?

ಲ್ಯಾಬ್‌ಕೋಟು
ಇಲ್ಲ, ಅದು ಬೇರೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಇವು ಕಾರ್ಟಿಕೊಸ್ಟಿರಾಯ್ಡ್, ಕೂರೋದು ಗ್ಲೂಕೊಕಾರ್ಟಿಕಾಯ್ಡ್ ರಿಸೆಪ್ಟರ್ ಮೇಲೆ. ಮಾತ್ರೆಯಾಗಿ ಬಹಳ ದಿನ ತಗೊಂಡ್ರೆ ಸ್ನಾಯು ಕರಗುತ್ತೆ, ಅದರಲ್ಲೂ ತೊಡೆ ಮತ್ತು ಭುಜ. ಮುಖ ಊದಿಕೊಂಡು ತೂಕ ಏರೋದನ್ನ ಬೆಳವಣಿಗೆ ಅಂದ್ಕೋಬಾರದು. ಉಬ್ಬಸದ ಇನ್‌ಹೇಲರ್‌ನಲ್ಲಿ ಇರೋದು ಮೈಕ್ರೊಗ್ರಾಂ ಲೆಕ್ಕದಲ್ಲಿ, ಹೆದರಿ ನಿಲ್ಲಿಸಬೇಡಿ. ಹೆಸರಿನ ಬಾಲ ಒಂದೇ, ಅಷ್ಟೇ ನೆಂಟಸ್ತನ.

ಗರಡಿಮನಿ
ಎರಡನೇ ಪ್ರಶ್ನೆಕ್ಕ ಯಾರೂ ಉತ್ತರ ಕೊಡವಲ್ರಿ. ಕಿಲೋ ಲೆಕ್ಕ ತಗೋರಿ.

ಟೆಸ್ಟೊಸ್ಟಿರೋನ್: 1996ರಾಗ ಭಾಸಿನ್ ಅವರ ತಂಡ 43 ಗಂಡಸರ ಮ್ಯಾಲೆ ಮಾಡಿದ್ದು. ವಾರಕ್ಕ 600 ಮಿಲಿಗ್ರಾಂ ಟೆಸ್ಟೊಸ್ಟಿರೋನ್ ಎನಾಂಥೇಟ್, 10 ವಾರ. ವ್ಯಾಯಾಮ ಮಾಡಿದವರಿಗೆ ಕೊಬ್ಬುರಹಿತ ತೂಕ ಸುಮಾರು 6 ಕಿಲೋ ಏರಿತು. ಬರೇ ಸೂಜಿ ಚುಚ್ಚಿಸ್ಕೊಂಡು ಕುಂತವರಿಗೂ 3 ಕಿಲೋ ಮ್ಯಾಲೆ ಬಂತು. ಬರೇ ವ್ಯಾಯಾಮ ಮಾಡಿದವರಿಗೆ 2 ಕಿಲೋ ಹತ್ರ.

ಸಾರ್ಮ್ಸ್: ಎಲ್‌ಜಿಡಿ-4033, ಅಂದ್ರ ಲಿಗಾಂಡ್ರಾಲ್, 76 ಗಂಡಸರು, 21 ದಿನ. ದಿನಕ್ಕ 1 ಮಿಲಿಗ್ರಾಂ ತಗೊಂಡವರಿಗೆ 1.2 ಕಿಲೋ. ಆಸ್ಟರೀನ್ ದಿನಕ್ಕ 3 ಮಿಲಿಗ್ರಾಂ, 120 ಮಂದಿ ವಯಸ್ಸಾದವರು, 12 ವಾರ, ಅಲ್ಲೂ 1.3 ಕಿಲೋ ಆಸುಪಾಸು. ಈಗ ಹೇಳ್ರಿ, 1.3 ಎಲ್ಲಿ, 6 ಎಲ್ಲಿ?

ಡಂಬೆಲ್_ಭೀಮ
ಈ ಲೆಕ್ಕ ಒಪ್ಪಲ್ಲ. 21 ದಿನಕ್ಕೆ 1.2 ಅಂದ್ರೆ 10 ವಾರಕ್ಕೆ 4 ಆಯ್ತು. ಅದೂ ಬರೀ 1 ಮಿಲಿಗ್ರಾಂಗೆ, ಅದೂ ವ್ಯಾಯಾಮ ಇಲ್ದೆ. 10 ಮಿಲಿಗ್ರಾಂ ಮಾಡಿ ನೋಡಿ!

ಲ್ಯಾಬ್‌ಕೋಟು
ಗುಣಾಕಾರ ಹಾಗೆ ನಡೆಯಲ್ಲ ಭೀಮಣ್ಣ. ಆ್ಯಂಡ್ರೊಜೆನ್ ಯಾವುದೇ ಇರಲಿ, ಮೊದಲ ಮೂರು ವಾರದಲ್ಲಿ ನೀರು, ಲವಣ, ಗ್ಲೈಕೊಜೆನ್ ಎಲ್ಲ ಸ್ನಾಯುವಿನೊಳಗೆ ತುಂಬುತ್ತೆ. ಮೈಯ ಕೊಬ್ಬು, ಸ್ನಾಯು ಅಳೆಯೋ ಡೆಕ್ಸಾ ಯಂತ್ರ ನೀರನ್ನೂ "ಲೀನ್" (ಕೊಬ್ಬುರಹಿತ) ಅಂತಲೇ ಎಣಿಸುತ್ತೆ. ಆಮೇಲೆ ಗೆರೆ ಬಾಗುತ್ತೆ. ಆಸ್ಟರೀನ್ ನೋಡಿ, 12 ವಾರ ಕೊಟ್ರೂ 1.3.

ಮತ್ತೆ ಕಿಲೋ ಬಂದ ಮಾತ್ರಕ್ಕೆ ಬಲ ಬರಲ್ಲ. ಶ್ವಾಸಕೋಶದ ಕ್ಯಾನ್ಸರಿನಿಂದ ಸೊರಗಿದವರಿಗೆ ಅಂತ ಆಸ್ಟರೀನ್ ಮೇಲೆ ಮೂರನೇ ಹಂತದ ಎರಡು ಪ್ರಯೋಗ ನಡೆದವು, ಪವರ್ 1 ಮತ್ತು ಪವರ್ 2. ತೂಕ ಬಂತು. ಮೆಟ್ಟಿಲು ಹತ್ತೋ ಶಕ್ತಿಯಲ್ಲಿ ಎರಡೂ ಪ್ರಯೋಗ ಒಂದೇ ರೀತಿ ಗೆಲ್ಲಲಿಲ್ಲ. ಆ ಕಾಯಿಲೆಗೆ ಔಷಧಿ ಅಲ್ಲೇ ನಿಂತುಹೋಯ್ತು. ಇವತ್ತಿಗೂ ಯಾವ ಸಾರ್ಮ್‌ಗೂ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಇಲ್ಲ.

ಗ್ರಂಥಿಪುರಾಣ
"10 ಮಿಲಿಗ್ರಾಂ ಮಾಡಿ ನೋಡಿ" ಎಂಬ ಮಾತಿನಲ್ಲೇ ಇಡೀ ಚರ್ಚೆಯ ಬೇರು ಇದೆ.

ಮೇಲೆ ಹೇಳಿದ ಪ್ರಯೋಗಗಳಲ್ಲಿ ಲಿಗಾಂಡ್ರಾಲ್ 0.1ರಿಂದ 1 ಮಿಲಿಗ್ರಾಂ, ಆಸ್ಟರೀನ್ ಹೆಚ್ಚೆಂದರೆ 3. ಅಂಗಡಿಯ ಬಾಟಲಿಗಳಲ್ಲಿ ಒಂದು ಗುಟುಕಿಗೇ 10, 20 ಎಂದು ಬರೆದಿರುತ್ತದೆ. "ಸೌಮ್ಯ" ಎಂಬ ಹೆಸರು ಗಳಿಸಿದ್ದು 1 ಮಿಲಿಗ್ರಾಂ, ಆ ಹೆಸರಿನಲ್ಲಿ ಮಾರಾಟವಾಗುವುದು ಅದರ ಹತ್ತು ಪಟ್ಟು. ಆಯ್ಕೆಗುಣ ಎನ್ನುವುದು ಒಂದು ಕಿರಿದಾದ ಕಿಟಕಿ. ಅರೆಬರೆ ಕೆಲಸ ಮಾಡುವ ಅಣುವೂ ಹತ್ತು ಪಟ್ಟು ಬಂದರೆ ಎಲ್ಲಾ ರಿಸೆಪ್ಟರುಗಳ ಮೇಲೂ ಕೂತಿರುತ್ತದೆ. ಆಗ ಮೆದುಳಿಗೆ ಸಾರ್ಮ್ ಯಾವುದು, ಸ್ಟಿರಾಯ್ಡ್ ಯಾವುದು ಎಂಬ ಭೇದ ಉಳಿಯುವುದಿಲ್ಲ.

ಅಷ್ಟೇಕೆ, ಆ 1 ಮಿಲಿಗ್ರಾಮಿನಲ್ಲೇ 21 ದಿನದೊಳಗೆ ಒಟ್ಟು ಟೆಸ್ಟೊಸ್ಟಿರೋನ್, ಮುಕ್ತ ಟೆಸ್ಟೊಸ್ಟಿರೋನ್ (ಪ್ರೊಟೀನಿಗೆ ಅಂಟದೆ ಓಡಾಡುವುದು), ಎಫ್‌ಎಸ್‌ಎಚ್ (ಮೆದುಳ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಹಾರ್ಮೋನು), ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) ಎಲ್ಲವೂ ಇಳಿದಿದ್ದವು. ನಿಲ್ಲಿಸಿದ ಮೇಲೆ ಮೊದಲಿನ ಮಟ್ಟಕ್ಕೆ ಬಂದವು, ಅದನ್ನೂ ಹೇಳಬೇಕು. ಮೂರು ವಾರ, 1 ಮಿಲಿಗ್ರಾಂ, ಆರೋಗ್ಯವಂತರು. ಆ ಭರವಸೆಯನ್ನು 10 ಮಿಲಿಗ್ರಾಂ, 12 ವಾರಕ್ಕೆ ಎಳೆಯುವ ಹಾಗಿಲ್ಲ.

ಡಂಬೆಲ್_ಭೀಮ
ಸರಿ, ಒಪ್ಕೊಂಡೆ. ಆದ್ರೆ ಈಸ್ಟ್ರೊಜೆನ್ ಆಗಲ್ಲ ಅನ್ನೋದಂತೂ ಲಾಭಾನೇ.

ಗರಡಿಮನಿ
ಅಲ್ಲೇ ತಪ್ಪಾಕತ್ತೈತಿ ನೋಡ್ರಿ. ಗಂಡಸಿಗೂ ಎಸ್ಟ್ರಾಡಯಾಲ್ ಬೇಕು. ಅದು ಹುಟ್ಟೋದೇ ಸ್ವಂತ ಟೆಸ್ಟೊಸ್ಟಿರೋನ್‌ಲೆ. ಸಾರ್ಮ್ ನುಂಗಿದ್ರ ಪಿಟ್ಯುಟರಿ "ಸಾಕು" ಅಂತ ಸುಮ್ಮನಾಗತೈತಿ, ಸ್ವಂತದ್ದು ಇಳೀತೈತಿ. ಸಾರ್ಮ್ ಅಂತೂ ಎಸ್ಟ್ರಾಡಯಾಲ್ ಆಗಂಗಿಲ್ಲ. ಅಂದ ಮ್ಯಾಲೆ ಎರಡೂ ಖಾಲಿ.

2013ರಾಗ ಫಿಂಕೆಲ್‌ಸ್ಟೈನ್ ತಂಡದ ಪ್ರಯೋಗ ಬಂತಲ್ರಿ, ಗಂಡಸರ ಸ್ವಂತ ಟೆಸ್ಟೊಸ್ಟಿರೋನ್ ಬಂದ್ ಮಾಡಿ, ಹೊರಗಿಂದ ಜೆಲ್ ಕೊಟ್ಟು, ಅರ್ಧ ಮಂದಿಗೆ ಅರೋಮಟೇಸ್ ತಡಿಯೋ ಅನಾಸ್ಟ್ರೊಜೋಲ್ ಸುದ್ದಾ ಕೊಟ್ರು. ಸ್ನಾಯು, ಬಲ ಇದ್ದದ್ದು ಟೆಸ್ಟೊಸ್ಟಿರೋನ್ ಮ್ಯಾಲೆ. ಕೊಬ್ಬು ಏರಿದ್ದು ಎಸ್ಟ್ರಾಡಯಾಲ್ ಕಡಿಮಿ ಆಗಿದ್ದಕ್ಕ. ಕಾಮಾಸಕ್ತಿಗೆ ಎರಡೂ ಬೇಕಾತು. ಸಾರ್ಮ್ಸ್ ತಗೊಂಡವರು "ಮೈ ಬಂತು, ಆದ್ರ ಮನಸ್ಸೇ ಇಲ್ಲ, ಕೀಲು ನೋಯ್ತಾವ, ನಿದ್ದಿ ಇಲ್ಲ" ಅಂತಾರಲ್ಲ, ಅದಕ್ಕ ಇದು ಒಂದು ಕಾರಣ ಇರಬಹುದು. ಸ್ಟಿರಾಯ್ಡ್‌ದಾಗ ಎಸ್ಟ್ರಾಡಯಾಲ್ ಹೆಚ್ಚಾಗಿ ಎದಿ ಊದತೈತಿ, ಇದರಾಗ ಕಡಿಮಿಯಾಗಿ ಕೀಲು ಒಣಗತೈತಿ. ಅತ್ತ ದರಿ, ಇತ್ತ ಪುಲಿ.

ಮೂರನೇ_ಸೆಟ್
ಇದು ಎಲ್ಲೂ ಓದಿರ್ಲಿಲ್ಲ. ಹಾಗಾದ್ರೆ ಗೈನೊ ಬರೋದೇ ಇಲ್ವಾ?

ಗ್ರಂಥಿಪುರಾಣ
ಬರಬಹುದು. ಎದೆಯ ಅಂಗಾಂಶ ನೋಡುವುದು ಆ್ಯಂಡ್ರೊಜೆನ್ ಮತ್ತು ಈಸ್ಟ್ರೊಜೆನ್ ನಡುವಿನ ಸಮತೋಲನವನ್ನು. ನಿಲ್ಲಿಸಿದ ಮೇಲಿನ ವಾರಗಳಲ್ಲಿ ಸಾರ್ಮ್ ಹೋಗಿರುತ್ತದೆ, ಸ್ವಂತ ಟೆಸ್ಟೊಸ್ಟಿರೋನ್ ಇನ್ನೂ ಏರಿರುವುದಿಲ್ಲ, ತಕ್ಕಡಿ ಈಸ್ಟ್ರೊಜೆನ್ ಕಡೆ ವಾಲುತ್ತದೆ. ಬಾಟಲಿಯಲ್ಲಿ ಚೀಟಿಗಿಂತ ಬೇರೆಯದೇ ಇದ್ದರಂತೂ ಲೆಕ್ಕವೇ ಬೇರೆ.

ಪಿತ್ತಕೋಶ
ಲಿವರ್ ವಿಷಯ ಯಾರೂ ಎತ್ತಲೇ ಇಲ್ಲವಲ್ಲ ಮಾರಾಯ್ರೆ, ನನಗೆ ಅದರದ್ದೇ ಚಿಂತೆ.

ಮಾತ್ರೆಯಾಗಿ ನುಂಗುವ ಸ್ಟಿರಾಯ್ಡುಗಳು (ಮೆಥಾಂಡಿಯನೋನ್, ಸ್ಟಾನೊಜೊಲಾಲ್, ಆಕ್ಸಿಮೆಥೊಲೋನ್) ಲಿವರಿಗೆ ಕಷ್ಟ ಕೊಡುವುದಕ್ಕೆ ಕಾರಣ ಅಣುವಿನ 17ನೇ ಇಂಗಾಲದ ಜಾಗ. ಬರೀ ಟೆಸ್ಟೊಸ್ಟಿರೋನ್ ನುಂಗಿದರೆ ಲಿವರ್ ಮೊದಲ ಸುತ್ತಿನಲ್ಲೇ ಅದನ್ನು ಒಡೆದು ಹಾಕುತ್ತದೆ. 17-ಆಲ್ಫಾ ಜಾಗಕ್ಕೆ ಒಂದು ಮೀಥೈಲ್ ಗುಂಪು ಸಿಕ್ಕಿಸಿದರೆ ಒಡೆಯಲಿಕ್ಕೆ ಆಗುವುದಿಲ್ಲ. ಬೇಗ ಒಡೆಯದ್ದು ಲಿವರಿನಲ್ಲೇ ಸುತ್ತುತ್ತದೆ, ಪಿತ್ತ ಹರಿಯುವುದು ನಿಧಾನ ಆಗುತ್ತದೆ. ಚುಚ್ಚುವ ಎನಾಂಥೇಟ್, ಸೈಪಿಯೊನೇಟ್‌ನಲ್ಲಿ ಈ ಮೀಥೈಲ್ ಇಲ್ಲ. ಅಲ್ಲಿ ಎಸ್ಟರ್ ಬಾಲ ಎಣ್ಣೆಯಿಂದ ಬಿಡುಗಡೆಯನ್ನು ನಿಧಾನ ಮಾಡುತ್ತದೆ, ಅಷ್ಟೇ.

ಸಾರ್ಮ್ಸ್‌ಗೆ ಆ ಮೀಥೈಲ್ ಇಲ್ಲ, ಆದ್ದರಿಂದ ಲಿವರಿಗೆ ಏನೂ ಆಗುವುದಿಲ್ಲ ಎಂದು ಹಲವರ ತರ್ಕ. ಆದರೆ ಲಿಗಾಂಡ್ರಾಲ್, ಆರ್‌ಎಡಿ-140 (ಇನ್ನೊಂದು ಸಾರ್ಮ್), ಆಸ್ಟರೀನ್ ಮೂರರಲ್ಲೂ ಕಾಮಾಲೆಯ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ರೂಪವೂ ಸ್ಟಿರಾಯ್ಡಿನದ್ದೇ: ಪಿತ್ತ ಕಟ್ಟಿಕೊಳ್ಳುವುದು. ಮೊದಲು ಸುಸ್ತು, ವಾಕರಿಕೆ. ಆಮೇಲೆ ಮೈಯೆಲ್ಲಾ ತುರಿಕೆ, ಗುಳ್ಳೆ ಏನೂ ಇರುವುದಿಲ್ಲ. ಮೂತ್ರ ಗಾಢ ಕಂದು, ಮಲ ಬಿಳಿಚಿ ಸುಣ್ಣದ ಹಾಗೆ, ಕಣ್ಣು ಹಳದಿ. ರಿಪೋರ್ಟಿನಲ್ಲಿ ಬಿಲಿರುಬಿನ್ (ಪಿತ್ತದ ಹಳದಿ ಬಣ್ಣ) ತುಂಬಾ ಮೇಲೆ, ಎಎಲ್‌ಟಿ (ಲಿವರ್ ಪರೀಕ್ಷೆಯ ಕಿಣ್ವ) ಸಾಧಾರಣ ಏರಿಕೆ. ಎಎಲ್‌ಟಿ ಸಾವಿರ ದಾಟಿಲ್ಲ ಎಂದು ಸಮಾಧಾನ ಪಡುವವರು ಬಿಲಿರುಬಿನ್ ನೋಡುವುದೇ ಇಲ್ಲ. ಎಎಲ್‌ಟಿ ಮಿತಿಯ ಮೂರು ಪಟ್ಟು ದಾಟಿ, ಬಿಲಿರುಬಿನ್ ಎರಡು ಪಟ್ಟು ದಾಟಿದರೆ ಔಷಧಿ ಜಗತ್ತಿನಲ್ಲಿ ಅದು ಗಂಟೆ ಬಾರಿಸುವ ಹಂತ. ನಿಲ್ಲಿಸಿದ ಮೇಲೂ ತುರಿಕೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ.

ಇನ್ನೊಂದು ಸಂಗತಿ. ಸಾರ್ಮ್ಸ್‌ನ ಮೊದಲ ಪೀಳಿಗೆ ಬಂದದ್ದು 1998ರಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ಜೇಮ್ಸ್ ಡಾಲ್ಟನ್ ತಂಡದಿಂದ, ಬೈಕಲುಟಮೈಡ್ ಅಣುವನ್ನು ತಿದ್ದಿ. ಬೈಕಲುಟಮೈಡ್ ಪ್ರಾಸ್ಟೇಟ್ ಕ್ಯಾನ್ಸರಿಗೆ ಆ್ಯಂಡ್ರೊಜೆನ್ ತಡೆಯಲಿಕ್ಕೆ ಕೊಡುವ ಮಾತ್ರೆ. ಅದಕ್ಕೂ ಲಿವರ್ ಮೇಲೆ ಕಣ್ಣಿಡಿ ಎಂಬ ಎಚ್ಚರಿಕೆ ಇದೆ.

ಸುಮ್ನೆ_ಓದುಗ
ಬೀಗ ಹಾಕೋ ಅಣುನ ತಿದ್ದಿ ಬೀಗದಕೈ ಮಾಡಿದ್ದಾರೆ. ಭಲೇ.

ಎರಡು_ಹೆಜ್ಜೆ
ಕಾರ್ಡರೀನ್ ಬಗ್ಗೆ ಯಾರಾದ್ರೂ ಹೇಳಿ. ಅದು ಒಳ್ಳೆ ಸಾರ್ಮ್ ಅಂತ ಕೇಳಿದೀನಿ, ಟೆಸ್ಟೊಸ್ಟಿರೋನ್ ಇಳಿಸಲ್ವಂತೆ.

ಲ್ಯಾಬ್‌ಕೋಟು
ಇಳಿಸಲ್ಲ, ಯಾಕಂದ್ರೆ ಅದು ಸಾರ್ಮ್ ಅಲ್ಲವೇ ಅಲ್ಲ. ಕಾರ್ಡರೀನ್ (ಜಿಡಬ್ಲ್ಯು-501516) ಪಿಪಿಎಆರ್-ಡೆಲ್ಟಾ ಅನ್ನೋ ಬೇರೆ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತೆ. ಇಲಿಗಳ ಹಲವು ಅಂಗಗಳಲ್ಲಿ ಗೆಡ್ಡೆ ಬಂದವು ಅಂತ ಕಂಪನಿ ಅದನ್ನ ಕೈಬಿಟ್ಟಿತು. 2013ರಲ್ಲಿ ವಾಡಾ (ಕ್ರೀಡೆಯಲ್ಲಿ ಡೋಪಿಂಗ್ ತಡೆಯೋ ವಿಶ್ವ ಸಂಸ್ಥೆ) ನೇರವಾಗಿ "ಇದನ್ನ ಮುಟ್ಟಬೇಡಿ" ಅಂತ ಕ್ರೀಡಾಪಟುಗಳಿಗೆ ಎಚ್ಚರಿಕೆ ಕೊಟ್ಟಿತು.

ಅದೇ ಕಪಾಟಿನಲ್ಲಿ ಎಂಕೆ-677 ಇರುತ್ತೆ, ಅದೂ ಸಾರ್ಮ್ ಅಲ್ಲ. ಹಸಿವಿನ ಹಾರ್ಮೋನು ಗ್ರೆಲಿನ್‌ನ ರಿಸೆಪ್ಟರ್ ತಟ್ಟಿ ಗ್ರೋತ್ ಹಾರ್ಮೋನ್ ಹೊರಡಿಸುತ್ತೆ. ಹೊಟ್ಟೆ ಹಸಿವು, ಕಾಲು ಊತ, ಬೆಳಗಿನ ಸಕ್ಕರೆ ಮೇಲೆ. ಎಸ್‌ಆರ್-9009 ಕೂಡ ಸಾರ್ಮ್ ಅಲ್ಲ. ವೈಕೆ-11 ಇನ್ನೂ ಮಜಾ: ಸಾರ್ಮ್ ಅಂತ ಮಾರ್ತಾರೆ, ಅಣುವಿನ ಚೌಕಟ್ಟು ನೋಡಿದ್ರೆ ಅಪ್ಪಟ ಸ್ಟಿರಾಯ್ಡ್. ಮಯೊಸ್ಟಾಟಿನ್ (ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕೋ ಪ್ರೊಟೀನು) ತಡೆಯುತ್ತೆ ಅನ್ನೋ ಮಾತು ತಟ್ಟೆಯಲ್ಲಿ ಬೆಳೆಸಿದ ಸ್ನಾಯುಕೋಶಗಳಿಂದ ಬಂದದ್ದು.

ಅದೂ ಚೀಟೀಲಿ ಇರೋದೇ ಒಳಗಿದ್ರೆ. 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಜಾಮಾದಲ್ಲಿ ಬಂದ ವರದಿ: ಆನ್‌ಲೈನ್‌ನಲ್ಲಿ ಸಾರ್ಮ್ ಅಂತ ಮಾರಿದ 44 ಉತ್ಪನ್ನ ತರಿಸಿ ಪರೀಕ್ಷೆ ಮಾಡಿದ್ರು. ಸಾರ್ಮ್ ಇದ್ದದ್ದು 52% ರಲ್ಲಿ. 39% ರಲ್ಲಿ ಒಪ್ಪಿಗೆ ಇಲ್ಲದ ಬೇರೆ ಔಷಧಿ. 9% ರಲ್ಲಿ ಏನೂ ಇರಲಿಲ್ಲ. ಪ್ರಮಾಣ ಚೀಟಿಗೆ ಹೊಂದಿದ್ದು 41% ಮಾತ್ರ.

ಸುಮ್ನೆ_ಓದುಗ
ಏನೂ ಇಲ್ಲದ 9% ಅದೃಷ್ಟವಂತರು.

ನಿರ್ವಾಹಕ
"ಎಲ್ಲಿ ಸಿಗುತ್ತೆ" ಅಂತ ಕೇಳಿದ ಎರಡು ಕಾಮೆಂಟ್ ತೆಗೆದಿದ್ದೇನೆ. ಮೂರನೆಯದಕ್ಕೆ ಬಾಗಿಲು ಮುಚ್ಚುತ್ತೇನೆ. ಚರ್ಚೆ ಮುಂದುವರಿಸಿ.

ಎರಡು_ಹೆಜ್ಜೆ
ಕೂದಲು? ಡಿಎಚ್‌ಟಿ ಆಗಲ್ಲ ಅಂದ್ರೆ ತಲೆ ಉಳಿಯುತ್ತೆ ಅಲ್ವಾ? ಇಲ್ಲಾಂದ್ರೆ ಫಿನಾಸ್ಟರೈಡ್ ಹಾಕ್ಕೊಂಡ್ರೆ ಆಯ್ತು.

ಗ್ರಂಥಿಪುರಾಣ
ಫಿನಾಸ್ಟರೈಡ್ ಮಾಡುವುದು ಒಂದೇ ಕೆಲಸ, 5-ಆಲ್ಫಾ ರಿಡಕ್ಟೇಸನ್ನು ತಡೆಯುವುದು. ಟೆಸ್ಟೊಸ್ಟಿರೋನ್ ಜೊತೆ ಅದಕ್ಕೆ ಅರ್ಥವಿದೆ. ಸಾರ್ಮ್ ಆ ಕಿಣ್ವದ ಹತ್ತಿರವೇ ಹೋಗುವುದಿಲ್ಲ, ನೇರವಾಗಿ ಕೂದಲ ಬುಡದ ರಿಸೆಪ್ಟರ್ ಮೇಲೆ ಕೂರುತ್ತದೆ. ಅಲ್ಲಿ ಫಿನಾಸ್ಟರೈಡಿಗೆ ಕೆಲಸವೇ ಇಲ್ಲ. ಸ್ಟಾನೊಜೊಲಾಲ್, ಆಕ್ಸಾಂಡ್ರೊಲೋನ್ ಹುಟ್ಟಿನಿಂದಲೇ ಡಿಎಚ್‌ಟಿ ಕುಲದವು, ಅಲ್ಲೂ ಉಪಯೋಗವಿಲ್ಲ.

ನ್ಯಾಂಡ್ರೊಲೋನ್ ಕಥೆ ಉಲ್ಟಾ. ಅದೇ ಕಿಣ್ವ ನ್ಯಾಂಡ್ರೊಲೋನನ್ನು ಡೈಹೈಡ್ರೊನ್ಯಾಂಡ್ರೊಲೋನ್ ಮಾಡುತ್ತದೆ, ಅದು ಮೂಲಕ್ಕಿಂತ ದುರ್ಬಲ. ನೆತ್ತಿಗೆ ಅದು ಸಹಜ ರಕ್ಷಣೆ. ಅಲ್ಲಿ ಫಿನಾಸ್ಟರೈಡ್ ತೆಗೆದುಕೊಂಡರೆ ಆ ರಕ್ಷಣೆಯನ್ನೇ ಕಿತ್ತ ಹಾಗೆ.

ಪಿತ್ತಕೋಶ
ಹೆಂಗಸರಿಗೂ ಇದು "ಸೇಫ್" ಎಂದು ಮಾರುವುದುಂಟು. ಸ್ವರ ಒಡೆದು ಗಡಸಾದರೆ ಅದು ಹಿಂದಕ್ಕೆ ಬರುವುದಿಲ್ಲ, ಔಷಧಿ ನಿಲ್ಲಿಸಿದರೂ. ಧ್ವನಿತಂತುವಿಗೆ ಬೇಕಾದದ್ದು ಆ್ಯಂಡ್ರೊಜೆನ್ ರಿಸೆಪ್ಟರಿನ ಸಂಕೇತ ಮಾತ್ರ, ಅದನ್ನು ಯಾವ ಅಣು ಕೊಟ್ಟರೂ ಅದಕ್ಕೆ ಒಂದೇ.

ಮೂರನೇ_ಸೆಟ್
ಹೃದಯದ ಲೆಕ್ಕದಲ್ಲಾದ್ರೂ ಸಾರ್ಮ್ಸ್ ವಾಸಿನಾ?

ಗರಡಿಮನಿ
ಎರಡು ಬ್ಯಾರೆ ಬ್ಯಾರೆ ದಾರಿ ಅದಾವ್ರಿ.

ಒಂದು ರಕ್ತ ಗಟ್ಟಿಯಾಗೋದು. ಟೆಸ್ಟೊಸ್ಟಿರೋನ್ ಕಬ್ಬಿಣ ಹಿಡಿದಿಡೋ ಹೆಪ್ಸಿಡಿನ್ ಇಳಿಸತೈತಿ, ಕಬ್ಬಿಣ ಸಡಿಲಾಗತೈತಿ, ಕೆಂಪು ರಕ್ತಕಣ ಏರತಾವ. ಹೆಮಟೊಕ್ರಿಟ್ (ರಕ್ತದಾಗ ಕೆಂಪು ಕಣದ ಪಾಲು) 54% ದಾಟಿದ್ರ ಹಾರ್ಮೋನ್ ಚಿಕಿತ್ಸೆ ಕೊಡೋ ಡಾಕ್ಟರ್ರೂ ಔಷಧಿ ನಿಲ್ಲಸ್ತಾರ. ಇದರಾಗ ಸಾರ್ಮ್ಸ್‌ಕಿಂತ ಟೆಸ್ಟೊಸ್ಟಿರೋನ್‌ದ ಕಾಟ ದೊಡ್ಡದು.

ಇನ್ನೊಂದು ಎಚ್‌ಡಿಎಲ್. ಇಲ್ಲಿ ತಕ್ಕಡಿ ತಿರುಗತೈತಿ. 1989ರ ಒಂದು ಪ್ರಯೋಗ, ಅವೇ ಗಂಡಸರಿಗೆ ಎರಡೂ ಕೊಟ್ಟು ನೋಡಿದ್ದು: ದಿನಕ್ಕ 6 ಮಿಲಿಗ್ರಾಂ ಸ್ಟಾನೊಜೊಲಾಲ್ ಮಾತ್ರೆ ಎಚ್‌ಡಿಎಲ್ 33% ಇಳಿಸಿತು, ವಾರಕ್ಕ 200 ಮಿಲಿಗ್ರಾಂ ಟೆಸ್ಟೊಸ್ಟಿರೋನ್ ಸೂಜಿ 9% ಅಷ್ಟ. ಬಾಯಿಂದ ಹೋದದ್ದು ಮೊದಲು ಲಿವರ್‌ಗೆ ಬಡೀತೈತಿ, ಅರೋಮಟೈಸ್ ಆಗದಿದ್ರ ಎಸ್ಟ್ರಾಡಯಾಲ್‌ದ ಆಸರಾನೂ ಇಲ್ಲ. ಸಾರ್ಮ್ಸ್‌ಕ್ಕೂ ಅದ ಹಣೆಬರಹ, ಬಾಯಿಂದ ಹೋಗೋದು, ಅರೋಮಟೈಸ್ ಆಗದ್ದು. ಎಚ್‌ಡಿಎಲ್ ಲೆಕ್ಕದಾಗ ಅದು ಸೂಜಿಯ ತಮ್ಮ ಅಲ್ಲ, ಮಾತ್ರೆ ಸ್ಟಿರಾಯ್ಡ್‌ನ ತಮ್ಮ.

ಲ್ಯಾಬ್‌ಕೋಟು
ಸ್ಟಿರಾಯ್ಡ್ ಕಡೆಗೆ ಒಂದು ಅಂಕಿ ಸೇರಿಸ್ತೀನಿ. 2017ರಲ್ಲಿ 140 ಭಾರ ಎತ್ತುವವರ ಹೃದಯ ನೋಡಿದ್ರು. ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ಹೊರಗೆ ತಳ್ಳೋ ರಕ್ತದ ಪಾಲು: ಸ್ಟಿರಾಯ್ಡ್ ಮುಟ್ಟದವರಲ್ಲಿ ಸರಾಸರಿ 63%, ಹಿಂದೆ ತಗೊಂಡು ಆಗ ನಿಲ್ಲಿಸಿದ್ದವರಲ್ಲಿ 58%, ಆಗ ತಗೋತಾ ಇದ್ದವರಲ್ಲಿ 49%. ಸಾರ್ಮ್ಸ್‌ಗೆ ಹತ್ತಾರು ವರ್ಷ ತಗೊಂಡವರನ್ನ ಹೀಗೆ ಹಿಂಬಾಲಿಸಿ ನೋಡಿದ ದಾಖಲೆ ಇಲ್ಲ. "ಸಾರ್ಮ್ಸ್‌ನಲ್ಲಿ ಈ ತೊಂದರೆ ಕಂಡಿಲ್ಲ" ಅನ್ನೋರಿಗೆ: ನೋಡದೇ ಇದ್ರೆ ಕಾಣಲ್ಲ. ಎಫ್‌ಡಿಎ 2017ರ ಎಚ್ಚರಿಕೆಯಲ್ಲಿ ಲಿವರ್ ಜೊತೆಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವನ್ನೂ ಹೆಸರಿಸಿದೆ.

ಡಂಬೆಲ್_ಭೀಮ
ನಿಲ್ಲಿಸಿದ್ರೆ ಸ್ವಂತದ್ದು ವಾಪಸ್ ಬರುತ್ತಲ್ವಾ, ಅದಕ್ಕೆ ಇಷ್ಟು ಗಾಬರಿ ಯಾಕೆ?

ಗ್ರಂಥಿಪುರಾಣ
ಬಹುತೇಕ ಬರುತ್ತದೆ, ಆದರೆ ಕ್ಯಾಲೆಂಡರ್ ನೋಡಿ. ಗಂಡಸರ ಗರ್ಭನಿರೋಧಕವಾಗಿ ಟೆಸ್ಟೊಸ್ಟಿರೋನ್ ಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಲೆಕ್ಕ ಹಾಕಿದರು. ವೀರ್ಯಾಣು ಮಿಲಿಲೀಟರಿಗೆ 2 ಕೋಟಿಗೆ ಮರಳಲು 6 ತಿಂಗಳಲ್ಲಿ 67%, 12 ತಿಂಗಳಲ್ಲಿ 90%, 24 ತಿಂಗಳಲ್ಲಿ 100%. ಅವರು ವೈದ್ಯರ ಕಣ್ಣಳತೆಯಲ್ಲಿ, ಅಳೆದು ತೂಗಿದ ಡೋಸಿನಲ್ಲಿ ಇದ್ದವರು. ವರ್ಷಗಟ್ಟಲೆ ನಾಲ್ಕಾರು ಔಷಧಿ ಬೆರೆಸಿದವರಿಗೆ ಈ ಅಂಕಿ ಹೊಂದುವುದಿಲ್ಲ.

ಕಾರಣ ಸರಳ. ವೃಷಣದೊಳಗಿನ ಟೆಸ್ಟೊಸ್ಟಿರೋನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು, ವೀರ್ಯಾಣು ತಯಾರಾಗುವುದು ಅದರಲ್ಲಿ. ವೃಷಣಕ್ಕೆ ಟೆಸ್ಟೊಸ್ಟಿರೋನ್ ಮಾಡು ಎನ್ನುವ ಪಿಟ್ಯುಟರಿಯ ಹಾರ್ಮೋನು ಎಲ್‌ಎಚ್ ನಿಂತರೆ ಒಳಗಿನದು ಬರಿದು, ಹೊರಗಿನಿಂದ ಎಷ್ಟು ಚುಚ್ಚಿದರೂ ಆ ಮಟ್ಟ ಅಲ್ಲಿ ಬರುವುದಿಲ್ಲ. ಮತ್ತೆ ಶುರುವಾದ ಮೇಲೂ ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹತ್ತಿರ ಬೇಕು. ನಿಲ್ಲಿಸಿ ಒಂದೇ ತಿಂಗಳಿಗೆ ವೀರ್ಯಪರೀಕ್ಷೆ ಮಾಡಿಸಿದರೆ ಹಳೆಯ ಕಥೆಯೇ ಕಾಣುತ್ತದೆ.

ಮೂರನೇ_ಸೆಟ್
ಮೂರನೇ ಪ್ರಶ್ನೆ ಉಳೀತು. ರಿಪೋರ್ಟ್ ನೋಡಿ ಗುರುತಿಸೋದು ಹೇಗೆ?

ಲ್ಯಾಬ್‌ಕೋಟು
ಟೆಸ್ಟೊಸ್ಟಿರೋನ್ ಚುಚ್ಚಿದ್ದರೆ: ಟೆಸ್ಟೊಸ್ಟಿರೋನ್ ಮೇಲೆ, ಎಲ್‌ಎಚ್, ಎಫ್‌ಎಸ್‌ಎಚ್ ಹೆಚ್ಚುಕಮ್ಮಿ ಸೊನ್ನೆ, ಎಸ್ಟ್ರಾಡಯಾಲ್ ಮೇಲೆ, ಹೆಮಟೊಕ್ರಿಟ್ ಮೇಲೆ. ಮಾತ್ರೆ ಸ್ಟಿರಾಯ್ಡ್ ಆಗಿದ್ದರೆ: ಸ್ವಂತ ಟೆಸ್ಟೊಸ್ಟಿರೋನ್ ಕೆಳಗೆ, ಎಸ್‌ಎಚ್‌ಬಿಜಿ (ರಕ್ತದಲ್ಲಿ ಟೆಸ್ಟೊಸ್ಟಿರೋನ್ ಹೊರೋ ಪ್ರೊಟೀನು) ನೆಲಕಚ್ಚಿರುತ್ತೆ, ಎಚ್‌ಡಿಎಲ್ ಕುಸಿದಿರುತ್ತೆ. ಸಾರ್ಮ್ ಕೂಡ ಇದೇ ಚಿತ್ರ, ಸ್ವಲ್ಪ ಮಸುಕಾಗಿ. ಎಲ್‌ಎಚ್ ಮಾಮೂಲಿ ಮಿತಿಯೊಳಗೇ ಇರಬಹುದು, ಅದನ್ನ ನೋಡಿ "ಏನೂ ಆಗಿಲ್ಲ" ಅನ್ನೋ ಹಾಗಿಲ್ಲ. ಎಸ್‌ಎಚ್‌ಬಿಜಿ ಇಳಿದಾಗ ಒಟ್ಟು ಟೆಸ್ಟೊಸ್ಟಿರೋನ್ ಇರೋದಕ್ಕಿಂತ ಕಡಿಮೆ ಅನ್ನಿಸುತ್ತೆ, ಹಾಗಾಗಿ ಮುಕ್ತ ಟೆಸ್ಟೊಸ್ಟಿರೋನ್ ಲೆಕ್ಕ ಹಾಕಲೇಬೇಕು.

ಮಾದರಿ ಕೊಡೋದು ಬೆಳಗ್ಗೆ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ. ಅದಕ್ಕೆ ಮುಂಚೆ ಒಂದು ವಾರ ಭಾರ ಎತ್ತಬಾರದು. ಜೋರು ವ್ಯಾಯಾಮದಿಂದ ಎಎಸ್‌ಟಿ, ಎಎಲ್‌ಟಿ ಸ್ನಾಯುವಿನಿಂದಲೇ ಸೋರಿ ಏರುತ್ತೆ, ಲಿವರಿಗೆ ಏನೂ ಆಗದಿದ್ರೂ. ಅನುಮಾನ ಬಂದರೆ ಸಿಕೆ (ಸ್ನಾಯುವಿನ ಕಿಣ್ವ) ಮತ್ತು ಜಿಜಿಟಿ (ಲಿವರಿನ ಕಿಣ್ವ) ಜೊತೆಗೆ ಮಾಡಿಸಿ. ಸಿಕೆ ಮೇಲೆ, ಜಿಜಿಟಿ ಸರಿ ಇದ್ರೆ ಸ್ನಾಯು. ಬಿಲಿರುಬಿನ್ ಏರಿದ್ರೆ ಸ್ನಾಯುವಿನ ಮೇಲೆ ಹಾಕಬೇಡಿ. ಕ್ರಿಯಾಟಿನಿನ್ ಸ್ವಲ್ಪ ಮೇಲಿದ್ರೆ ಮೈ ದಪ್ಪ ಇರೋದಕ್ಕೂ ಇರಬಹುದು, ಸಿಸ್ಟಾಟಿನ್-ಸಿ ಮಾಡಿಸಿದ್ರೆ ಕಿಡ್ನಿ ಸರಿಯಾಗಿ ಗೊತ್ತಾಗುತ್ತೆ.

ಸಾರ್ಮ್ ಇದೆಯೋ ಇಲ್ವೋ ಅನ್ನೋದು ಮಾಮೂಲಿ ಲ್ಯಾಬಲ್ಲಿ ಗೊತ್ತಾಗಲ್ಲ. ಅದು ಡೋಪಿಂಗ್ ಲ್ಯಾಬಿನ ಮಾಸ್ ಸ್ಪೆಕ್ಟ್ರೊಮೀಟರ್ ಕೆಲಸ. 2008ರಿಂದ ವಾಡಾ ಪಟ್ಟಿಯಲ್ಲಿದೆ, ಮೂತ್ರದಲ್ಲಿ ಅತ್ಯಲ್ಪ ಇದ್ರೂ ಹಿಡಿಯುತ್ತೆ.

ಎರಡು_ಹೆಜ್ಜೆ
ಅಂದ್ರೆ ಟೆಸ್ಟೊಸ್ಟಿರೋನ್ ಮೇಲೆ, ಎಲ್‌ಎಚ್ ಕೆಳಗೆ ಅಂತ ರಿಪೋರ್ಟ್ ಬಂದ್ರೆ ಚುಚ್ಚಿಸ್ಕೊಂಡಿದ್ದು ಖಾತ್ರಿ. ಇನ್ನು ಯಾರ ಸುಳ್ಳೂ ನಡೆಯಲ್ಲ.

ಪಿತ್ತಕೋಶ
ಅವಸರ ಬೇಡ. ಅವರು ಕೂದಲಿಗೆ, ಉಗುರಿಗೆ ಎಂದು ಬಯೊಟಿನ್ ಮಾತ್ರೆ ತಿನ್ನುತ್ತಿದ್ದಾರಾ ಕೇಳಿ ಮೊದಲು. 5, 10 ಮಿಲಿಗ್ರಾಮಿನವು ಇರುತ್ತವೆ. ಹಲವು ಲ್ಯಾಬ್ ಯಂತ್ರಗಳ ಪರೀಕ್ಷೆಯೇ ಬಯೊಟಿನ್ ಅಂಟಿನ ಮೇಲೆ ನಿಂತಿದೆ. ರಕ್ತದಲ್ಲಿ ಬಯೊಟಿನ್ ಹೆಚ್ಚಿದ್ದರೆ ಟೆಸ್ಟೊಸ್ಟಿರೋನ್, ಎಸ್ಟ್ರಾಡಯಾಲ್ ಸುಳ್ಳಾಗಿ ಮೇಲೆ ತೋರಿಸುತ್ತದೆ, ಎಲ್‌ಎಚ್, ಎಫ್‌ಎಸ್‌ಎಚ್ ಸುಳ್ಳಾಗಿ ಕೆಳಗೆ. ಸೂಜಿ ಚುಚ್ಚಿಸಿಕೊಂಡವನ ರಿಪೋರ್ಟಿನ ಪಡಿಯಚ್ಚು. ಎರಡು ಮೂರು ದಿನ ಬಯೊಟಿನ್ ಬಿಟ್ಟು ಇನ್ನೊಮ್ಮೆ ಮಾಡಿಸಲಿ.

ಡಂಬೆಲ್_ಭೀಮ
ಬಯೊಟಿನ್ನಾ? ತಲೆಕೂದಲಿನ ಮಾತ್ರೆನಾ? ಅದು ಮಲ್ಟಿವಿಟಮಿನ್‌ನಲ್ಲೂ ಇರುತ್ತಲ್ಲ.

ಪಿತ್ತಕೋಶ
ಸಾಮಾನ್ಯ ಮಲ್ಟಿವಿಟಮಿನ್‌ನಲ್ಲಿ ಮೈಕ್ರೊಗ್ರಾಂ ಲೆಕ್ಕ, ಅದು ತೊಂದರೆ ಇಲ್ಲ. ಡಬ್ಬಿ ತಿರುಗಿಸಿ ನೋಡಿ, 5000 ಮೈಕ್ರೊಗ್ರಾಂ ಎಂದು ಬರೆದದ್ದು ಇದೆಯಾ ಅಂತ.

ಡಂಬೆಲ್_ಭೀಮ
10,000 ಅಂತ ಇದೆ.